ಮತಪೆಟ್ಟಿಗೆ ಸುಟ್ಟ ರಾತ್ರಿ

ಎಲ್ಲರಿಗೂ ನಮಸ್ಕಾರ. ಭಯೋತ್ಪಾದನೆ ಬಗ್ಗೆ ಮಾತಾಡಲು ಕಾಸರಗೋಡಿಗೆ ಕರೆದಿದ್ದೀರಿ. ನಾನು ಮಾತ್ರ ಪೆರು ದೇಶದಿಂದ ಶುರು ಮಾಡುತ್ತೇನೆ, ಬೇಜಾರು ಮಾಡಬೇಡಿ.

ಅಲ್ಲಿ ಆಂಡಿಸ್ ಬೆಟ್ಟಗಳ ನಡುವೆ ಚುಸ್ಚಿ ಅಂತ ಒಂದು ಹಳ್ಳಿ. 1980ರ ಮೇ 17ರ ರಾತ್ರಿ. ಹನ್ನೆರಡು ವರ್ಷದ ಮಿಲಿಟರಿ ಆಡಳಿತ ಮುಗಿದು ಬೆಳಗಾದರೆ ಮತದಾನ. ಕೆಲವರು ಮುಖ ಮುಚ್ಚಿಕೊಂಡು ಬಂದು ಮತಪೆಟ್ಟಿಗೆಗಳನ್ನು ಸುಟ್ಟುಹಾಕಿದರು. ಬೇರೆ ಮತಪತ್ರ ತರಿಸಿ ಮತದಾನವೇನೋ ನಡೆಯಿತು. ಸುದ್ದಿಯನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಸುಟ್ಟವರು ಶೈನಿಂಗ್ ಪಾತ್ ಎಂಬ ಮಾವೋವಾದಿ ಸಶಸ್ತ್ರ ಸಂಘಟನೆಯವರು. ಆಮೇಲಿನ ಇಪ್ಪತ್ತು ವರ್ಷದಲ್ಲಿ ಸತ್ತವರು ಸುಮಾರು 69 ಸಾವಿರ ಎಂದು ಅಲ್ಲಿನ ಸತ್ಯಶೋಧನಾ ಆಯೋಗ 2003ರಲ್ಲಿ ಅಂದಾಜು ಮಾಡಿತು. ಕೊಂದವರಲ್ಲಿ ಸೈನ್ಯವೂ ಇತ್ತು.

ಪ್ರಜಾಪ್ರಭುತ್ವ ಬರುವ ಹೊತ್ತಿಗೇ ಯಾಕೆ? ಹಳೇ ಹೆದರಿಕೆ ಹೋಗಿತ್ತು, ಹೊಸ ನಂಬಿಕೆ ಇನ್ನೂ ಹುಟ್ಟಿರಲಿಲ್ಲ. ಬೆಟ್ಟದ ರೈತನ ದೂರು ರಾಜಧಾನಿ ಲಿಮಾವರೆಗೆ ಹೋಗುತ್ತಲೇ ಇರಲಿಲ್ಲ. ಬಿಗಿ ಸರ್ವಾಧಿಕಾರಕ್ಕಿಂತ, ಬೇರೂರಿದ ಪ್ರಜಾಪ್ರಭುತ್ವಕ್ಕಿಂತ, ಅರ್ಧ ಬೆಂದ ವ್ಯವಸ್ಥೆಯಲ್ಲೇ ಹಿಂಸೆ ಜಾಸ್ತಿ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಪೂರ್ತಿ ಒಪ್ಪಬೇಕಿಲ್ಲ. ಇಟಲಿಯಲ್ಲಿ ಚುನಾವಣೆ ಸರಿಯಾಗಿಯೇ ನಡೆಯುತ್ತಿತ್ತು. ಆದರೂ 1978ರಲ್ಲಿ ಮಾಜಿ ಪ್ರಧಾನಿ ಆಲ್ಡೊ ಮೊರೊ ಅವರನ್ನು ರೆಡ್ ಬ್ರಿಗೇಡ್ಸ್ ಎಂಬ ಉಗ್ರರ ಗುಂಪು ಅಪಹರಿಸಿ ಕೊಂದಿತಲ್ವಾ?

‘ಒಬ್ಬ ಗಟ್ಟಿ ಮನುಷ್ಯ ಬಂದರೆ ಎಲ್ಲ ಸರಿಯಾಗ್ತದೆ ಮಾರಾಯ್ರೆ’ ಅನ್ನುವ ಮಾತು ನಮ್ಮ ಚಾ ಅಂಗಡಿಗಳಲ್ಲೂ ಇದೆ. ಪೆರುವಿಗೆ ಅಂಥವರು ಬಂದರು. ಅಧ್ಯಕ್ಷ ಫುಜಿಮೊರಿ 1992ರ ಏಪ್ರಿಲ್‌ನಲ್ಲಿ ಸಂಸತ್ತನ್ನೇ ಮುಚ್ಚಿಸಿದರು. ಸೆಪ್ಟೆಂಬರ್‌ನಲ್ಲಿ ಶೈನಿಂಗ್ ಪಾತ್ ನಾಯಕ ಗುಸ್ಮಾನ್ ಸಿಕ್ಕಿಬಿದ್ದ. ನೋಡಿದ್ರಾ, ಅಂದರು ಜನ. ಆದರೆ ಅವನನ್ನು ಹುಡುಕಿದ್ದು 1990ರಿಂದಲೇ ಸುಮ್ನೆ ಕೆಲಸ ಮಾಡುತ್ತಿದ್ದ ಒಂದು ಸಣ್ಣ ಪೊಲೀಸ್ ತಂಡ. ಲಿಮಾದಲ್ಲೊಂದು ಡಾನ್ಸ್ ಕ್ಲಾಸು, ಅದರ ಮೇಲೊಂದು ಮನೆ. ಆ ಮನೆಯ ಕಸ ಕೆದಕಿದಾಗ ಸಿಗರೇಟಿನ ತುಂಡು, ಚರ್ಮರೋಗದ ಮುಲಾಮಿನ ಟ್ಯೂಬು ಸಿಕ್ಕಿದವು. ಗುಸ್ಮಾನನಿಗೆ ಆ ಕಾಯಿಲೆ ಇದ್ದದ್ದು ಪೊಲೀಸರಿಗೆ ಗೊತ್ತಿತ್ತು. ಕಸ ಕೆದಕಲು ಸಂಸತ್ತಿಗೆ ಬೀಗ ಹಾಕಬೇಕಿತ್ತಾ?

ನಮ್ಮ ದೇಶದ್ದೂ ಎರಡು ಮಾತು. 1987ರ ಕಾಶ್ಮೀರ ಚುನಾವಣೆಯಲ್ಲಿ ಮೋಸ ಆಗಿದೆ ಎಂಬ ದೂರು ಎಲ್ಲೆಡೆ ಇತ್ತು. ಆಗ ಸೋತ ಅಭ್ಯರ್ಥಿ ಮೊಹಮ್ಮದ್ ಯೂಸುಫ್ ಶಾ ಮುಂದೆ ಸಯ್ಯದ್ ಸಲಾಹುದ್ದೀನ್ ಹೆಸರಿನಲ್ಲಿ ಹಿಜ್ಬುಲ್ ಮುಜಾಹಿದೀನ್ ಎಂಬ ಉಗ್ರ ಸಂಘಟನೆಯ ಮುಖ್ಯಸ್ಥನಾದ. ಅವನ ಕೈಯ ರಕ್ತಕ್ಕೆ ಆ ದೂರು ನೆಪ ಆಗಬಾರದು. ಗಡಿಯಾಚೆಯಿಂದ ಬಂದ ಬಂದೂಕಿನ ಲೆಕ್ಕವೂ ಬೇರೆ ಇದೆ. ಮಿಜೋರಾಂನಲ್ಲಿ ಆದದ್ದು ತಿರುಗುಮುರುಗು. 1966ರಲ್ಲಿ ದಂಗೆ ಎಬ್ಬಿಸಿದ ಲಾಲ್‌ಡೆಂಗಾ ಕೇಂದ್ರ ಸರ್ಕಾರದ ಜೊತೆಗಿನ 1986ರ ಒಪ್ಪಂದದ ನಂತರ ಮುಖ್ಯಮಂತ್ರಿ ಆದರು.

ಇನ್ನು ನಮ್ಮ ಊರು ಕಾಸರಗೋಡು. 1956ರ ನವೆಂಬರ್ 1ಕ್ಕೆ ಕನ್ನಡ ಮಾತಾಡುವ ನಾವು ಕೇರಳಕ್ಕೆ ಸೇರಿದೆವು. ಮರುವರ್ಷವೇ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಪಕ್ಷೇತರರಾಗಿ, ಅವಿರೋಧವಾಗಿ ಕೇರಳ ವಿಧಾನಸಭೆಗೆ ಹೋದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಎಂದು ಗಡಿ ವಿವಾದ ನೋಡಿದ ಮಹಾಜನ ಆಯೋಗದ ವರದಿ 1967ರಲ್ಲಿ ಹೇಳಿತು. ಅದು ಇವತ್ತಿಗೂ ಕಾಗದದಲ್ಲೇ ಇದೆ. ಸಿಟ್ಟು ಇಲ್ವಾ? ಇದೆ. ಆದರೆ ಅದನ್ನು ಹಾಕಲು ನಮಗೊಂದು ಪೆಟ್ಟಿಗೆ ಇತ್ತು, ಅರ್ಜಿ ಇತ್ತು, ಧರಣಿ ಇತ್ತು.

ಹೋದ ತಿಂಗಳು ಒಂದು ಕಚೇರಿಯಿಂದ ನನಗೆ ಮಲಯಾಳದಲ್ಲಿ ನೋಟಿಸು ಬಂತು. ಪಕ್ಕದ ಮನೆಯ ಹುಡುಗನ ಹತ್ತಿರ ಓದಿಸಿಕೊಂಡೆ. ಕನ್ನಡದಲ್ಲಿ ಕೊಡಿ ಅಂತ ಅರ್ಜಿ ಹಾಕಿದ್ದೇನೆ. ಮೂರು ಸಲ ಹೋಗಿ ಬಂದದ್ದಾಯಿತು. ‘ಸಾರ್ ರಜೆಯಲ್ಲಿದ್ದಾರೆ’ ಅಂದರು. ಸೋಮವಾರ ಪುನಃ ಹೋಗಬೇಕು.