ಕೊಡೋಕೆ ಆದರೆ ಮಾತ್ರ ನಿಮ್ಮದು

ಕೇಳುಗರಿಗೆ ನಮಸ್ಕಾರ. ಊಟ ಮುಗಿಸಿ, ಅಕ್ಕಿ ಆರಿಸುತ್ತಲೋ ಬಟ್ಟೆ ಮಡಚುತ್ತಲೋ ರೇಡಿಯೋ ಹಾಕಿರುತ್ತೀರಿ. ವಿಡಿಯೋ ಗೇಮ್ ಅಂದ ತಕ್ಷಣ ರೇಡಿಯೋ ಆಫ್ ಮಾಡಿಬಿಡಬೇಡಿ. ಹಬ್ಬ ಬಂತು ಅಂದರೆ ಮಕ್ಕಳು ದುಂಬಾಲು ಬೀಳುವುದು ನಿಮಗೇ. ದುಡ್ಡು ಎಣಿಸುವವರೂ ನೀವೇ. ಹಾಗಾಗಿ ಈ ಮಾತು ನಿಮಗೆ.

ನಾನು ಹದಿನಾರು ವರ್ಷದಿಂದ ಗೇಮ್ ಕನ್ಸೋಲ್ ರಿಪೇರಿ ಮಾಡುತ್ತಿದ್ದೇನೆ. ಅದಕ್ಕೂ ಮುಂಚಿನಿಂದ ಆಡುತ್ತಿದ್ದೇನೆ. ಕನ್ಸೋಲ್ ಅಂದರೆ ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆ, ಅಷ್ಟೇ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೋ, ಈ ಮೂರು ಹೆಸರು ಗೊತ್ತಿದ್ದರೆ ಸಾಕು. ಯಾವುದು ಒಳ್ಳೆಯದು ಸರ್ ಅಂತ ದಿನಾ ಕೇಳುತ್ತಾರೆ. ಮೂರೂ ಒಳ್ಳೆಯದೇ. ನೀವು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆಡಿ ಮುಗಿದ ಮೇಲೆ ಈ ಆಟವನ್ನು ಪಕ್ಕದ ಮನೆ ಹುಡುಗನಿಗೆ ಕೊಡೋಕೆ ಆಗುತ್ತಾ? ಕೊಡೋಕೆ ಆದರೆ ಅದು ನಿಮ್ಮದು. ಆಗದಿದ್ದರೆ ಬಾಡಿಗೆ ಕಟ್ಟಿದ್ದೀರಿ ಅಂತ ತಿಳಿಯಿರಿ.

ಇದು ನನ್ನ ತಲೆಗೆ ಹೊಕ್ಕಿದ್ದು ಹಾಸನದಲ್ಲಿ, 1997ರ ಬೇಸಿಗೆ ರಜೆಯಲ್ಲಿ. ನಮ್ಮ ಬೀದಿಯಲ್ಲಿ ಆರು ಹುಡುಗರಿದ್ದೆವು. ಇಬ್ಬರ ಮನೆಯಲ್ಲಿ ಮಾತ್ರ ಗೇಮ್ ಪೆಟ್ಟಿಗೆ ಇತ್ತು. ನಿಂಟೆಂಡೋದ ನಕಲು ಅವು. ನಕಲು ಅಂತ ನಮಗೇನು ಗೊತ್ತು, ಪೆಟ್ಟಿಗೆ ಮೇಲೆ ಜಪಾನಿ ಅಕ್ಷರ ಇತ್ತು, ಸಾಕಾಗಿತ್ತು. ಆರೂ ಜನ ತಲಾ ಇಪ್ಪತ್ತೈದು ರೂಪಾಯಿ ಹಾಕಿ, ಪೆಟ್ಟಿಗೆಗೆ ಸಿಕ್ಕಿಸಿ ಆಡುವ ಒಂದು ಹಳದಿ ಕ್ಯಾಸೆಟ್ ತಂದೆವು. ಕಾಂಟ್ರಾ. ಇಬ್ಬರು ಸೈನಿಕರು ಗುಂಡು ಹಾರಿಸುತ್ತಾ ಓಡುವ ಆಟ. ಮೂರನೇ ಹಂತದಲ್ಲಿ ಒಂದು ಜಲಪಾತ ಬರುತ್ತದೆ. ಅದನ್ನು ಹತ್ತುವಷ್ಟರಲ್ಲಿ ನಮ್ಮ ಕಥೆ ಮುಗಿದಿರುತ್ತಿತ್ತು.

ಕ್ಯಾಸೆಟ್ ಯಾರ ಮನೆಯಲ್ಲಿ ಇರಬೇಕು? ಮೊದಲ ದಿನವೇ ಜಗಳ. ಕೊನೆಗೆ ನನ್ನ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪಾಳಿ ಬರೆದೆವು. ಸೋಮವಾರ ಮೂಲೆಮನೆ, ಮಂಗಳವಾರ ನಮ್ಮ ಮನೆ, ಹೀಗೆ. ಭಾನುವಾರ ಎಲ್ಲರೂ ಸೇರಿ ಆಡುವುದು. ಪೆಟ್ಟಿಗೆ ಇಲ್ಲದವರು ಕ್ಯಾಸೆಟ್ ತಗೊಂಡು ಏನು ಮಾಡುತ್ತಿದ್ದರು ಅಂತೀರಾ? ತಮ್ಮ ಪಾಳಿ ದಿನ ಪೆಟ್ಟಿಗೆ ಇರುವವರ ಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಕ್ಯಾಸೆಟ್ ಅವರ ಕೈಯಲ್ಲಿ, ಹಾಗಾಗಿ ಒಳಗೆ ಕರೆಯಲೇಬೇಕು! ಕಂಪಾಸಿನ ಮೊನೆಯಿಂದ ಅದರ ಬೆನ್ನಿನ ಮೇಲೆ ಆರೂ ಜನರ ಮೊದಲಕ್ಷರ ಕೆತ್ತಿದ್ದೆವು.

ಒಂದು ಗುರುವಾರ ಪೋಸ್ಟ್‌ಮ್ಯಾನ್ ಮಗನ ಪಾಳಿ. ಅವತ್ತೇ ಅವರ ಅಪ್ಪನಿಗೆ ವರ್ಗ ಆಗಿ ಲಾರಿಗೆ ಸಾಮಾನು ಏರಿಸಿದರು. ರಾಯಚೂರಿಗೆ. ಲಾರಿ ಹೋಯಿತು, ಕ್ಯಾಸೆಟ್ಟೂ ಹೋಯಿತು. ನಾನು ಅತ್ತುಬಿಟ್ಟೆ. ಅಮ್ಮ ರೊಟ್ಟಿ ತಟ್ಟುತ್ತಾ, 'ಗುರುವಾರ ಅವನದೇ ಅಲ್ವೇನೋ, ಬಿಡು' ಅಂದರು.

ಇಪ್ಪತ್ತೆರಡು ವರ್ಷ ಆದ ಮೇಲೆ ಒಂದು ಗೃಹಪ್ರವೇಶಕ್ಕೆ ಅವನು ಹಾಸನಕ್ಕೆ ಬಂದ. ತಲೆಯಲ್ಲಿ ಅರ್ಧ ಕೂದಲಿಲ್ಲ. ಕರವಸ್ತ್ರ ಬಿಚ್ಚಿ ಹಳದಿ ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟು, 'ಶುಕ್ರವಾರ ಯಾರದು?' ಅಂದ. ಮೇಲಿನ ಚೀಟಿ ಸವೆದುಹೋಗಿತ್ತು. ಆರು ಅಕ್ಷರ ಹಾಗೇ ಇದ್ದವು. ರಾತ್ರಿ ಅಂಗಡಿಯಲ್ಲಿ ಕ್ಯಾಸೆಟ್ಟಿನ ಅಂಚಿನ ಲೋಹದ ಪಿನ್ ಒರೆಸಿ ಹಾಕಿದೆ. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಯಾವ ಪಾಸ್‌ವರ್ಡ್ ಕೇಳಲಿಲ್ಲ, ಇಂಟರ್‌ನೆಟ್ ಕೇಳಲಿಲ್ಲ. ಜಲಪಾತದಲ್ಲಿ ಇಬ್ಬರೂ ಸತ್ತೆವು, ಅದು ಬೇರೆ ವಿಷಯ.

ಈಗ ಕಳೆದ ತಿಂಗಳ ಮಾತು. ಒಬ್ಬ ತಾಯಿ ಕನ್ಸೋಲ್ ತಂದರು, ಹೋದ ವರ್ಷದ್ದು, ಇನ್ನೂ ಹೊಸದರ ಹಾಗಿದೆ. ಮಗ ಹಾಸ್ಟೆಲ್‌ಗೆ ಹೋಗುವಾಗ ಹಳೇ ಫೋನ್ ನಂಬರ್ ಬಿಟ್ಟ. ಆ ನಂಬರಿಗೆ ಜೋಡಿಸಿದ್ದ ಅವನ ಗೇಮ್ ಖಾತೆ ಲಾಕ್ ಆಯಿತು. ಆಟವೆಲ್ಲ ಆ ಖಾತೆಯಲ್ಲಿ. ತಂಗಿ ಆಡೋಣ ಅಂದರೆ ಒಂದೂ ತೆರೆಯುವುದಿಲ್ಲ. ಕಂಪನಿಗೆ ಮೂರು ಸಲ ಬರೆದರು, ಮೂರು ಸಲವೂ ಅದೇ ಉತ್ತರ, ನಿಮ್ಮ ಗುರುತು ಖಚಿತವಾಗಿಲ್ಲ ಅಂತ. ಯಾವ ಕಂಪನಿ ಅಂತ ಹೇಳುವುದಿಲ್ಲ. ನಾನು ಸ್ಕ್ರೂ ಬಿಚ್ಚಿ ನೋಡಿದೆ. ಫ್ಯಾನ್ ಸರಿ ಇದೆ, ಪವರ್ ಸಪ್ಲೈ ಸರಿ ಇದೆ. ಯಂತ್ರಕ್ಕೆ ಏನೂ ಆಗಿಲ್ಲಮ್ಮ ಅಂದೆ. 'ಮತ್ತೆ ದುಡ್ಡು ಕೊಟ್ಟಿದ್ದು ಯಾವುದಕ್ಕೆ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊಡೋಕೆ ಆದರೆ ನಿಮ್ಮದು. ಮನೆಯೊಳಗೆ ತಂಗಿಗೂ ಕೊಡೋಕೆ ಆಗದಿದ್ದರೆ ಅದು ಯಾರದು ಹೇಳಿ?

ಜನ ಗಲಾಟೆ ಮಾಡಿದರೆ ಕಂಪನಿಗಳು ಬಗ್ಗುತ್ತವೆ. 2013ರಲ್ಲಿ ಬಗ್ಗಿದ್ದನ್ನು ನಾವೇ ನೋಡಿದೆವು. ಮೈಕ್ರೋಸಾಫ್ಟ್ ಆಗ ಎಕ್ಸ್‌ಬಾಕ್ಸ್ ಒನ್ ತರುವುದರಲ್ಲಿತ್ತು. ಅದರ ನಿಯಮ ಕೇಳಿ. ಇಪ್ಪತ್ನಾಲ್ಕು ಗಂಟೆಗೆ ಒಮ್ಮೆ ಪೆಟ್ಟಿಗೆ ಇಂಟರ್‌ನೆಟ್‌ಗೆ ಹೋಗಿ ಹಾಜರಿ ಹಾಕಬೇಕು. ಆಟವನ್ನು ಗೆಳೆಯನಿಗೆ ಕೊಡಬಹುದು, ಆದರೆ ಅವನು ನಿಮ್ಮ ಗೆಳೆಯರ ಪಟ್ಟಿಯಲ್ಲಿ ಮೂವತ್ತು ದಿನ ಇದ್ದಿರಬೇಕು. ಅದೂ ಒಂದೇ ಸಲ! ಮದುವೆ ನೋಂದಣಿಗೂ ಇಷ್ಟು ಷರತ್ತು ಇರುತ್ತೋ ಇಲ್ಲವೋ. ಜೂನ್ 10ರಂದು ಲಾಸ್ ಏಂಜಲೀಸ್‌ನ ಗೇಮ್ ಮೇಳದಲ್ಲಿ ಪ್ಲೇಸ್ಟೇಷನ್ ಮಾಡುವ ಸೋನಿಯವರು ನಮ್ಮ ಪಿಎಸ್4ನಲ್ಲಿ, ಅಂದರೆ ಪ್ಲೇಸ್ಟೇಷನ್ 4ರಲ್ಲಿ, ಆಡಿ ಮುಗಿದ ಆಟದ ಡಿಸ್ಕ್ ಮಾರಬಹುದು, ಕೊಡಬಹುದು ಅಂದರು. ಡಿಸ್ಕ್ ಅಂದರೆ ಆಟ ತುಂಬಿದ ಸಿಡಿಯಂಥ ತಟ್ಟೆ. ಸಭೆ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಆಟ ಹಂಚಿಕೊಳ್ಳುವುದು ಹೇಗೆ ಅಂತ ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೋ ಬಿಟ್ಟರು. ಸೋನಿಯ ಅಧಿಕಾರಿ ಶುಹೇಯಿ ಯೋಶಿಡಾ ಡಿಸ್ಕಿನ ಡಬ್ಬಿ ಹಿಡಿದು ಪಕ್ಕದವರಿಗೆ ಕೊಡುತ್ತಾರೆ. ಅವರು ಥ್ಯಾಂಕ್ಸ್ ಅನ್ನುತ್ತಾರೆ. ಮುಗೀತು ವಿಡಿಯೋ. ಒಂಬತ್ತೇ ದಿನದಲ್ಲಿ ಮೈಕ್ರೋಸಾಫ್ಟ್ ನಿಯಮ ವಾಪಸ್ ತಗೊಂಡಿತು.

ಹಾಗಂತ ಸೋನಿಯನ್ನು ಪೂಜೆ ಮಾಡಬೇಡಿ. 2024ರಲ್ಲಿ ಅದೇ ಕಂಪನಿ ಪಿಎಸ್5 ಪ್ರೋ ತಂದಾಗ ಡಿಸ್ಕ್ ಡ್ರೈವ್ ಪೆಟ್ಟಿಗೆಯಲ್ಲೇ ಇರಲಿಲ್ಲ, ಬೇಕಾದರೆ ಬೇರೆ ದುಡ್ಡು.

ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಕ್ಯಾಸೆಟ್ ಕಥೆ ಜಾಸ್ತಿ ಆಯಿತು ಅಂತ ಕಾಣುತ್ತದೆ. ಒಳ್ಳೆಯ ಕೆಲಸವನ್ನೂ ಹೇಳುವುದಿತ್ತು. 2007ರಲ್ಲಿ ಎಕ್ಸ್‌ಬಾಕ್ಸ್ 360 ಕೆಂಪು ದೀಪ ತೋರಿಸಿ ಸಾಯುತ್ತಿದ್ದಾಗ ಮೈಕ್ರೋಸಾಫ್ಟ್ ಆ ದೋಷಕ್ಕೆ ಮೂರು ವರ್ಷ ವಾರಂಟಿ ಕೊಟ್ಟಿತು. ಅದಕ್ಕೆ ನೂರು ಕೋಟಿ ಡಾಲರ್‌ಗೂ ಹೆಚ್ಚು ತೆಗೆದಿಟ್ಟಿತು. ರಿಪೇರಿಯವರ ಹೊಟ್ಟೆ ಮೇಲೆ ಹೊಡೆದರು, ಗ್ರಾಹಕನಾಗಿ ಕೈ ಮುಗಿಯುತ್ತೇನೆ.

ಇನ್ನೊಂದು ಬಹಳ ಮುಖ್ಯ. ಡಿಸ್ಕ್ ಇದ್ದರೆ ಸಾಲದು. 2014ರಲ್ಲಿ ಯೂಬಿಸಾಫ್ಟ್ ತಂದ ದ ಕ್ರೂ ಅನ್ನುವ ಕಾರಿನ ಆಟ ಒಬ್ಬರೇ ಆಡಿದರೂ ಇಂಟರ್‌ನೆಟ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಕಂಪನಿಯವರು ಆಟ ನಡೆಸುವ ತಮ್ಮ ಕಂಪ್ಯೂಟರ್, ಅಂದರೆ ಸರ್ವರ್, ನಿಲ್ಲಿಸಿದರು. ಡಿಸ್ಕ್ ಈಗ ಲೋಟ ಇಡೋಕೆ ಸರಿ. ಯುರೋಪಿನಲ್ಲಿ ಇದರ ವಿರುದ್ಧ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. 2025ರಲ್ಲಿ ಬಂದ ನಿಂಟೆಂಡೋ ಸ್ವಿಚ್ 2 ಪೆಟ್ಟಿಗೆಗೆ ಡಿಸ್ಕಿನ ಬದಲು ಪುಟ್ಟ ಕಾರ್ಡ್ ಹಾಕುತ್ತಾರೆ, ಅದರಲ್ಲೂ ಕೆಲವು ಕಾರ್ಡ್‌ಗಳ ಒಳಗೆ ಆಟವೇ ಇಲ್ಲ, ಬರೀ ಬೀಗದ ಕೈ. ಆಟವನ್ನು ಡೌನ್‌ಲೋಡ್ ಮಾಡಬೇಕು. ಡಬ್ಬಿಯ ಮೇಲೆ ಬರೆದಿರುತ್ತಾರೆ, ಕನ್ನಡಕ ಹಾಕಿಕೊಂಡು ಓದಿ.

ಹಾಗಾಗಿ ಅಂಗಡಿಯಲ್ಲಿ ಪೆಟ್ಟಿಗೆ ತಿರುಗಿಸಿ, ಡಿಸ್ಕ್ ಇಲ್ಲವೇ ಕಾರ್ಡ್ ಹಾಕುವ ಸೀಳು ಎಲ್ಲಪ್ಪ ಅಂತ ಕೇಳಿ. ಇಂಟರ್‌ನೆಟ್ ಇಲ್ಲದೆ ಓಡುತ್ತಾ ಅಂತ ಕೇಳಿ. ಅಂಗಡಿ ಹುಡುಗ ತಲೆ ಕೆರೆದುಕೊಂಡರೆ ದುಡ್ಡು ಜೇಬಿಗೆ ಹಾಕಿ ಹೊರಡಿ.

ಅಟ್ಟದ ಮೇಲೆ ಹಳೇ ಕ್ಯಾಸೆಟ್ ಇದ್ದರೆ ಎಸೆಯಬೇಡಿ. ದಯವಿಟ್ಟು ಊದಬೇಡಿ, ನಾವೆಲ್ಲ ಊದಿದ್ದೇ ತಪ್ಪು. ಬಾಯಿಯ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ, ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್, ಅಂತ ಕೇಳಿ, ಕೊಡುತ್ತಾರೆ. ಇಯರ್ ಬಡ್‌ಗೆ, ಕಿವಿಯ ಹತ್ತಿ ಕಡ್ಡಿಗೆ, ಎರಡು ಹನಿ ಹಾಕಿ ಪಿನ್ ಮೇಲೆ ಮೆಲ್ಲಗೆ ಉಜ್ಜಿ. ಹತ್ತಿ ಕಪ್ಪಾಗುತ್ತದೆ. ಕಪ್ಪಾಗುವುದು ನಿಲ್ಲುವವರೆಗೂ ಉಜ್ಜಿ, ಹತ್ತು ನಿಮಿಷ ಬಿಟ್ಟು ಹಾಕಿ ನೋಡಿ. ನಮಸ್ಕಾರ.