ಒಂದು ಮಗ್ ಸುತ್ತ ಬರ್ಗೆನ್

ಕೇಳುಗರೇ, ನಮಸ್ಕಾರ.

ನನ್ನ ಕೈಯಲ್ಲಿ ಈಗ ಒಂದು ಪಿಂಗಾಣಿ ಮಗ್ ಇದೆ. ಊರೂರು ತಿರುಗುವವರು ನೆನಪಿಗೆ ಅಂತ ಕೊಂಡು ತಂದು ಶೋಕೇಸಿನಲ್ಲಿ ಸಾಲಾಗಿ ಇಡುತ್ತಾರಲ್ಲ, ಅಂಥದ್ದು. ಇದರ ಮೇಲಿರುವುದು ನಾರ್ವೆಯ ಪಶ್ಚಿಮ ಕರಾವಳಿಯ ಬರ್ಗೆನ್. ಮಳೆಗೆ ಸಿಕ್ಕಿ ಒಂದು ಅಂಗಡಿಯೊಳಗೆ ನುಗ್ಗಿದಾಗ ಕೊಂಡದ್ದು. ಆ ಊರಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದೂ ಒಂದೇ ಕಾಲದಲ್ಲಿ ಸುರಿದು ಮುಗಿಯುವ ಮಳೆಯಲ್ಲ, ವರ್ಷವಿಡೀ ಬಿಟ್ಟು ಬಿಟ್ಟು ಹನಿಯುತ್ತಲೇ ಇರುತ್ತದೆ.

ಬನ್ನಿ, ಹಿಡಿಯ ಪಕ್ಕದಿಂದ ಶುರುಮಾಡಿ ಮಗ್ಗನ್ನು ನಿಧಾನಕ್ಕೆ ತಿರುಗಿಸೋಣ.

ಮೊದಲು ಸಿಗುವುದು ಬೂದು ಕಲ್ಲಿನ ದೊಡ್ಡ ಕಟ್ಟಡ, ರಾಜ ಹೋಕನ್‌ನ ಸಭಾಭವನ. 1261ರಲ್ಲಿ ರಾಜನ ಮಗನ ಮದುವೆ ಇಲ್ಲೇ ನಡೆಯಿತು. ಎರಡನೇ ಮಹಾಯುದ್ಧದಲ್ಲಿ, 1944ರ ಏಪ್ರಿಲ್ 20ರಂದು, ಮದ್ದುಗುಂಡು ತುಂಬಿಕೊಂಡು ಬಂದರಿನಲ್ಲಿ ನಿಂತಿದ್ದ ಒಂದು ಹಡಗು ಸಿಡಿದುಹೋಯಿತು. ಭವನದ ಚಾವಣಿ ಸುಟ್ಟು ಬರೀ ಗೋಡೆ ಉಳಿಯಿತು. ಮತ್ತೆ ಕಟ್ಟಿ, 1961ಕ್ಕೆ ಸರಿಯಾಗಿ 700 ವರ್ಷ ತುಂಬುವಾಗ ಬಾಗಿಲು ತೆರೆದರು.

ಇನ್ನೊಂಚೂರು ತಿರುಗಿಸಿದರೆ ಬ್ರಿಗ್ಗೆನ್. ಈ ಮಗ್ ಕೊಂಡದ್ದೇ ಇದಕ್ಕಾಗಿ. ಬ್ರಿಗ್ಗೆನ್ ಅಂದರೆ ಹಡಗು ಬಂದು ನಿಲ್ಲುವ ಧಕ್ಕೆ. ಕೆಂಪು, ಹಳದಿ, ಬಿಳಿ ಬಣ್ಣದ ಮರದ ಮನೆಗಳು, ತ್ರಿಕೋನದ ಮುಖ ಮಾಡಿಕೊಂಡು ಭುಜಕ್ಕೆ ಭುಜ ತಾಗಿಸಿ ಸಮುದ್ರದ ಕಡೆಗೆ ನಿಂತಿವೆ. ಚಿತ್ರ ಬರೆದವರು ಎಲ್ಲವನ್ನೂ ನೆಟ್ಟಗೆ ಬರೆದಿದ್ದಾರೆ. ನಿಜವಾಗಿ ನೋಡಿದರೆ ಒಂದು ಆ ಕಡೆ ವಾಲಿದೆ, ಇನ್ನೊಂದು ಈ ಕಡೆ. ಮಗ್ ಮೇಲೆ ಕಾಣದೇ ಇರುವುದು ಈ ಮನೆಗಳ ಹಿಂಭಾಗ. ಎರಡು ಮನೆಗಳ ನಡುವಿನ ಸಂದಿಗೆ ಕಾಲಿಟ್ಟರೆ ಹಲಗೆಯ ದಾರಿ, ತಲೆಯ ಮೇಲೆ ಚಾಚಿಕೊಂಡ ಮರದ ಜಗಲಿ, ಒದ್ದೆ ಮರದ ಜೊತೆ ಡಾಂಬರಿನಂಥ ವಾಸನೆ. ಒಳಗೆ ಹೋದಷ್ಟೂ ಮನೆಗಳು ಹಿಂದಕ್ಕೆ ಹೋಗುತ್ತಲೇ ಇರುತ್ತವೆ, ಮುಂದಿನಿಂದ ನೋಡಿದವರಿಗೆ ಅಷ್ಟು ಉದ್ದ ಇದೆ ಅಂತ ಗೊತ್ತೇ ಆಗುವುದಿಲ್ಲ.

ಸುಮಾರು 1360ರಿಂದ 1754ರವರೆಗೆ ಇಲ್ಲಿ ಜರ್ಮನಿಯ ಹನ್ಸಾ ಎಂಬ ವರ್ತಕರ ಕೂಟದ ವ್ಯಾಪಾರಿಗಳ ಕಾರುಬಾರು. ಸರಕು ಅಂದರೆ ಒಣಮೀನು. ಉತ್ತರದ ಕಡಲಲ್ಲಿ ಹಿಡಿದ ಕಾಡ್ ಎಂಬ ಜಾತಿಯ ಮೀನನ್ನು ಅಲ್ಲೇ ಮರದ ಚಪ್ಪರಗಳಿಗೆ ನೇತುಹಾಕಿ ಒಣಗಿಸುತ್ತಾರೆ. ನಮ್ಮ ಕರಾವಳಿಯ ಹಾಗೆ ಉಪ್ಪು ಹಾಕುವುದಿಲ್ಲ, ಬಿಸಿಲೂ ಬೇಡ, ಆ ಚಳಿಗಾಳಿಯೇ ಸಾಕು. ಕಟ್ಟಿಗೆಯ ಹಾಗೆ ಗಟ್ಟಿಯಾದ ಆ ಮೀನು ದೋಣಿಯಲ್ಲಿ ಬರ್ಗೆನ್‌ಗೆ ಬರುತ್ತಿತ್ತು, ದೋಣಿ ವಾಪಸ್ ಹೋಗುವಾಗ ಧಾನ್ಯ ತುಂಬಿಕೊಂಡು ಹೋಗುತ್ತಿತ್ತು. ವ್ಯಾಪಾರಿಗಳು, ಅವರ ಕೈಕೆಳಗೆ ಕೆಲಸ ಕಲಿಯುವ ಹುಡುಗರು, ಎಲ್ಲರೂ ಮದುವೆಯಿಲ್ಲದ ಗಂಡಸರು. ಮರದ ಮನೆಯಲ್ಲವಾ, ಒಳಗೆ ಬೆಂಕಿ ಹಚ್ಚುವಂತಿರಲಿಲ್ಲ. ಅಂಥ ಚಳಿಯಲ್ಲೂ! ಅಡುಗೆಗೆ, ಮೈ ಕಾಯಿಸಿಕೊಳ್ಳಲಿಕ್ಕೆ ಹಿಂದೆ ಬೇರೆಯೇ ಮನೆಗಳಿದ್ದವು. ಇಷ್ಟೆಲ್ಲ ಹುಷಾರಾಗಿದ್ದರೂ ಬೆಂಕಿ ಬಿಡಲಿಲ್ಲ. 1702ರಲ್ಲಿ ಇಡೀ ಧಕ್ಕೆ ಸುಟ್ಟುಹೋಯಿತು. ಜನ ಹಳೆಯ ಪಾಯದ ಮೇಲೆ, ಹಳೆಯ ಅಳತೆಯಲ್ಲೇ ಮತ್ತೆ ಕಟ್ಟಿದರು. ಅದರಲ್ಲಿ ಈಗ ಉಳಿದಿರುವುದು 62 ಕಟ್ಟಡ. 1979ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಮುಂದೆ ಮೀನು ಮಾರುಕಟ್ಟೆ, ಅದರ ಮೇಲೆ ಫ್ಲೋಯೆನ್ ಬೆಟ್ಟ. ಬೆಟ್ಟ ಹತ್ತುವ ರೈಲು 1918ರಿಂದ ಓಡುತ್ತಿದೆ. ಉಕ್ಕಿನ ಹಗ್ಗದ ಎರಡು ತುದಿಗೆ ಎರಡು ಬೋಗಿ ಕಟ್ಟಿದ್ದಾರೆ, ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತದೆ, ನಮ್ಮ ಬಾವಿಯ ರಾಟೆಯ ಎರಡು ಕೊಡಗಳ ಹಾಗೆ. ಆರೇಳು ನಿಮಿಷಕ್ಕೆ 320 ಮೀಟರ್ ಎತ್ತರ. ಮಗ್ ಮೇಲೆ ಆ ಬೋಗಿ ಅಕ್ಕಿಕಾಳಿನಷ್ಟಿದೆ, ಆದರೂ ಕಿಟಕಿ ಬರೆಯಲು ಮರೆತಿಲ್ಲ.

ಇಂಥ ಮಗ್ ಕೂಡಿಡುವವರಿಗೆ ಒಂದು ಮಾತು. ಚಿತ್ರದ ಮೇಲೆ ಸುಮ್ನೆ ಬೆರಳಾಡಿಸಿ ನೋಡಿ. ಚೂರು ಉಬ್ಬಿದ ಹಾಗೆ ತಾಗಿದರೆ ಬಣ್ಣ ಪಿಂಗಾಣಿಯ ಗಾಜಿನಂಥ ಹೊಳಪು ಪದರದ ಮೇಲೆ ಕೂತಿದೆ ಅಂತ ಅರ್ಥ. ಅಂಥದ್ದಕ್ಕೆ ಸ್ಟೀಲ್ ಸ್ಕ್ರಬ್ಬರ್ ಬೇಡ, ಪಾತ್ರೆ ತೊಳೆಯುವ ಯಂತ್ರವೂ ಬೇಡ. ಮೆತ್ತನೆಯ ಸ್ಪಂಜಿನಲ್ಲಿ ಕೈಯಿಂದಲೇ ತೊಳೆಯಿರಿ. ನನ್ನ ಮಗ್‌ನಲ್ಲಿ ಬ್ರಿಗ್ಗೆನ್‌ನ ಒಂದು ಕೆಂಪು ಮನೆಯ ಅಂಚು ಮಾಸಿ ಹೋಗಿದೆ. ನನಗೆ ಬೇಜಾರಿದೆ. ಆದರೆ ಹಾಗಂತ ಗಾಜಿನ ಹಿಂದೆ ಇಟ್ಟಿಲ್ಲ, ದಿನಾ ಬೆಳಗ್ಗೆ ಇದರಲ್ಲೇ ಕಾಫಿ. ತಿರುಗಿಸಿ ತಿರುಗಿಸಿ ನೋಡದಿದ್ದರೆ ಇಷ್ಟೆಲ್ಲ ಕೇಳಿ, ಓದಿ ತಿಳಿದುಕೊಳ್ಳಬೇಕು ಅಂತ ಅನ್ನಿಸುತ್ತಲೇ ಇರಲಿಲ್ಲ.

ಈಗ ಒಂದು ಸುತ್ತು ಮುಗಿದು ಹಿಡಿಯ ಹತ್ತಿರ ಬಂದೆವು. ಇಲ್ಲಿ ಎರಡು ಬೆರಳಿನಷ್ಟು ಜಾಗ ಬೆಳ್ಳಗೆ ಖಾಲಿ ಬಿಟ್ಟಿದ್ದಾರೆ.

1955ರಲ್ಲಿ ಬ್ರಿಗ್ಗೆನ್‌ಗೆ ಮತ್ತೆ ಬೆಂಕಿ ಬಿತ್ತು. ಸುಟ್ಟ ಜಾಗವನ್ನು ಪುರಾತತ್ವದವರು ವರ್ಷಗಟ್ಟಲೆ ಅಗೆದರು. ಮಣ್ಣಿನಡಿ ರೂನ್ ಎಂಬ ಉತ್ತರ ಯುರೋಪಿನ ಹಳೆಯ ಲಿಪಿಯ 600ಕ್ಕೂ ಹೆಚ್ಚು ಬರಹಗಳು ಸಿಕ್ಕವು, ಹೆಚ್ಚಿನವು ಮರದ ಕಡ್ಡಿಗಳ ಮೇಲೆ ಚಾಕುವಿನಿಂದ ಕೆತ್ತಿದವು. ರಾಜರ ಶಾಸನ ಅಲ್ಲ, ಸಾಧಾರಣ ಜನರ ಚೀಟಿಗಳು. ಈ ಸರಕು ಇಂಥವರದು, ಇಷ್ಟು ಕಳಿಸು, ಪ್ರೀತಿಯ ಮಾತು, ಪ್ರಾರ್ಥನೆ. ಅದರಲ್ಲಿ ಒಂದು ಕಡ್ಡಿಯ ಮೇಲೆ ಇರುವುದು ಇಷ್ಟೇ: ನೀನು ಮನೆಗೆ ಹೋಗಬೇಕಂತೆ, ಗೀಡಾ ಹೇಳಿದ್ದಾಳೆ. ಗೀಡಾ ಅವನ ಹೆಂಡತಿ ಇರಬೇಕು, ಅವನು ಎಲ್ಲೋ ಹೆಂಡದಂಗಡಿಯಲ್ಲಿ ಕೂತಿದ್ದ ಅಂತ ಓದಿದವರ ಊಹೆ.

ಅಷ್ಟು ಸಣ್ಣ ಕಡ್ಡಿ. ಹಿಡಿಯ ಪಕ್ಕದ ಈ ಬಿಳಿ ಜಾಗದಲ್ಲಿ ಅದನ್ನೂ ಬರೆಯಬಹುದಿತ್ತು.

ನಮಸ್ಕಾರ.