ಘಾಟ್ ಇಳಿಯೋ ಮೊದಲ ಬ್ರೇಕ್ ಆಯಿಲ್ ನೋಡ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಪುಣೆದಾಗ ಇರೋ ನಮ್ಮ ಮಂದಿ ಶನಿವಾರ ಬಂತಂದ್ರ ಗಾಡಿ ತಗೊಂಡು ಬೆಳಗಾವಿ, ಹುಬ್ಬಳ್ಳಿ ಕಡೆ ಹೊಂಟ ಬಿಡ್ತಾರ, ಐತವಾರ ಸಂಜಿಮುಂದ ವಾಪಸ್. ಬರೋವಾಗ ಖಂಬಾಟ್ಕಿ ಬೋಗದಾ ದಾಟಿ ಇಳಿಬೇಕು, ಆಮ್ಯಾಲ ಕಾತ್ರಜ್ ಹೊಸಾ ಬೋಗದಾದಿಂದ ಪುಣೆದ ನವಲೆ ಬ್ರಿಜ್ ತನಕ ಮತ್ತ ಉದ್ದಕ ಇಳಿಜಾರು. ಅಲ್ಲೆ ಬ್ರೇಕ್ ಫೇಲ್ ಆಗಿ ಲಾರಿ ನುಗ್ಗಿದ ಸುದ್ದಿ ಎಷ್ಟ ಸಲ ಕೇಳೇವಿ. ಎಲ್ಲಾರೂ ಅನ್ನೋದು ಒಂದ, "ಅಚಾನಕ್ ಫೇಲ್ ಆತು" ಅಂತ. ಆದ್ರ ನಮ್ಮ ಕಾರಿನ ಬ್ರೇಕ್ ಹಂಗ ಅಚಾನಕ್ ಹೋಗೋದು ಭಾಳ ಕಮ್ಮಿ ನೋಡ್ರಿ, ತಿಂಗಳಾನುಗಟ್ಟಲೆ ಮೊದಲ ಸೂಚನಾ ಕೊಟ್ಟಿರ್ತದ.

ಗಾಲಿ ಜೋಡಿ ತಿರಗೋ ಡಿಸ್ಕನ್ನ ಒತ್ತಿ ಹಿಡಿಯೋ ಬ್ರೇಕ್ ಪ್ಯಾಡ್ ಬಗ್ಗೆ ಮಂದಿಗೆ ಗೊತ್ತದ, ಕಿರ್ ಅಂತ ಸಪ್ಪಳ ಬಂದ್ರ ಬದಲಿ ಮಾಡಸ್ತಾರ. ಪೆಡಲ್ ಒತ್ತಿದ ಜೋರು ಗಾಲಿತನಕ ಮುಟ್ಟಸೋ ಬ್ರೇಕ್ ಆಯಿಲ್ ಮಾತ್ರ ಯಾರೂ ಕೇಳಂಗಿಲ್ಲ. ಈ ಆಯಿಲ್ ಹವಾದಾಗಿನ ಪಸಿ ಎಳ್ಕೊಂತದ, ಮಳಿಗಾಲದಾಗ ಡಬ್ಬಿಯೊಳಗಿನ ಉಪ್ಪು ಹಸಿ ಆದಂಗ. ಹೊಸಾ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜಾ) ಆಯಿಲ್ ಕುದಿಬೇಕಂದ್ರ ಕಮ್ಮಿ ಅಂದ್ರೂ 230 ಡಿಗ್ರಿ ಬೇಕು, ಸುಮಾರು ನಾಕು ಪರ್ಸೆಂಟ್ ನೀರು ಸೇರಿತಂದ್ರ 155ಕ್ಕ ಕುದಿಯೋ ಹಂತಕ್ಕ ಬರಬಹುದು. ಘಾಟ್ ಇಳಿಯೋವಾಗ ಒಂದ ಸಮ ಬ್ರೇಕ್ ಒತ್ತಿ ಹಿಡದ್ರ ಡಿಸ್ಕಿನ ಕಾವು ಪ್ಯಾಡ್ ಒತ್ತೋ ಕ್ಯಾಲಿಪರಿಗೆ ಇಳಿದು ಆಯಿಲ್ ಕುದಿತದ, ಗುಳ್ಳಿ ಏಳ್ತಾವ. ಆಯಿಲ್ ಒತ್ತಿದ್ರ ಕುಗ್ಗಂಗಿಲ್ಲ, ಗುಳ್ಳಿ ಕುಗ್ತದ, ನೀವು ಒತ್ತಿದ ಜೋರೆಲ್ಲಾ ಗುಳ್ಳಿಯೊಳಗ ಹೋಗಿ ಪೆಡಲ್ ನೆಲಕ್ಕ ಹತ್ತತದ. ಅದಕ್ಕ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿ ಮಾಡಸ್ರಿ, ಗಾಡಿ ಕಮ್ಮಿ ಓಡಿದ್ರೂನೂ. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ನೋಡ್ರಿ, ಎಣ್ಣಿ ತಿಳಿ ಹಳದಿ ಬಣ್ಣ ಬಿಟ್ಟು ಚಹಾದ ಬಣ್ಣಕ್ಕ ಬಂದಿದ್ರ ಮುಗೀತು ಅದರ ಕಾಲ. ಮಟ್ಟ ಇಳಿದಿದ್ರ ಸುಮ್ಮನ ಟಾಪ್ ಅಪ್ ಮಾಡಿ ಬಿಡಬ್ಯಾಡ್ರಿ, ಪ್ಯಾಡ್ ಸವದಾವೋ ಎಲ್ಲೆರ ಸೋರ್ತದೋ ಅದನ್ನ ಮೊದಲ ಹುಡುಕ್ರಿ. ಇಂಜಿನ್ ಆಯಿಲ್ ಅಂತೂ ಒಂದ ಹನಿನೂ ಬೀಳಬಾರದು, ರಬ್ಬರ್ ಸೀಲ್ ಉಬ್ಬಿ ಪೂರಾ ಸಿಸ್ಟಮ್ ಹಾಳಾಗ್ತದ.

ಮುಂದಿನ ಡಿಸ್ಕ್ ಪ್ಯಾಡ್ ಮನ್ಯಾಗ ಹಾಕಬಹುದು, ಕೈ ಕುದುರಿದವರಿಗೆ ಭಾರಿ ಕೆಲಸ ಅಲ್ಲ. ಆದ್ರ ಬರೀ ಜಾಕ್ ನಂಬಿ ಗಾಡಿ ಕೆಳಗ ಕೈ ಹಾಕಬ್ಯಾಡ್ರಿ, ಸ್ಟ್ಯಾಂಡ್ ಇಡ್ರಿ, ಗಾಲಿಗೆ ಕಲ್ಲು ಕೊಡ್ರಿ. ಕ್ಯಾಲಿಪರನ್ನ ಆಯಿಲ್ ಬರೋ ರಬ್ಬರ್ ಹೋಸಿನ ಮ್ಯಾಲ ಜೋತು ಬಿಡಬ್ಯಾಡ್ರಿ, ತಂತಿಲೆ ಕಟ್ರಿ. ತೆಗೆದ ಪ್ಯಾಡ್ ಕೈಯಾಗ ಹಿಡಿದು ನೋಡ್ರಿ, ಒಂದು ತುದಿ ದಪ್ಪ ಒಂದು ತುದಿ ತೆಳು ಇದ್ರ ಕ್ಯಾಲಿಪರಿನ ಪಿನ್ ಜಾಮ್ ಆಗಿರ್ಬೇಕು, ಅದನ್ನ ಬಿಟ್ಟು ಹೊಸಾ ಪ್ಯಾಡ್ ಹಾಕಿದ್ರ ಅದೂ ಹಂಗ ಸವೀತದ. ಎಲ್ಲಾ ಜೋಡಿಸಿದ ಮ್ಯಾಲ, ಇದು ಭಾಳ ಮುಖ್ಯ, ಗಾಡಿ ಹೊಂಡಸೋ ಮೊದಲ ಪೆಡಲ್ ಗಟ್ಟಿ ಆಗೋತನಕ ಒತ್ರಿ. ಹೊಸಾ ಪ್ಯಾಡ್ ಕೂಡಸಲಿಕ್ಕೆ ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕ ತಳ್ಳಿರ್ತೀರಿ, ಪ್ಯಾಡ್ ಡಿಸ್ಕಿಗೆ ಮುಟ್ಟಿರಂಗಿಲ್ಲ, ಹಂಗ ರಿವರ್ಸ್ ತಗೊಂಡ್ರ ಮೊದಲನೇ ಸಲ ಬ್ರೇಕ ಇರಂಗಿಲ್ಲ, ಸೊಸಾಯಿಟಿ ಪಾರ್ಕಿಂಗಿನ ಗ್ವಾಡಿಗೆ ಹೋಗಿ ಬಡಿತದ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋದು), ಏಬಿಎಸ್ (ಗಾಲಿ ಲಾಕ್ ಆಗದಂಗ ತಡಿಯೋದು) ಕೆಲಸ ಮಾತ್ರ ಗ್ಯಾರೇಜಿಗೆ ಬಿಡ್ರಿ, ಪೈಪಿನ್ಯಾಗಿನ ಏರ್ ಪೂರಾ ಹೋಗಿಲ್ಲಂದ್ರ ನಿಮಗ ಗೊತ್ತ ಆಗಂಗಿಲ್ಲ.

ಇನ್ನ ಇಳಿಜಾರಿನ್ಯಾಗ. ಡೀಸೆಲ್ ಉಳಿತದ ಅಂತ ನ್ಯೂಟ್ರಲ್ ಹಾಕೋ ಚಟ ದಯವಿಟ್ಟು ಬಿಡ್ರಿ, ಗಾಡಿ ತಡಿಯೋ ಭಾರ ಪೂರಾ ಬ್ರೇಕಿನ ಮ್ಯಾಲ ಬೀಳ್ತದ. ಎರಡನೇದು ಇಲ್ಲಾ ಮೂರನೇ ಗೇರಿನ್ಯಾಗ ಇಳೀರಿ. ಅಷ್ಟಾಗಿನೂ ಪೆಡಲ್ ಕೆಳಗ ಹೋತಂದ್ರ ಚಾವಿ ಬಂದ್ ಮಾಡಬ್ಯಾಡ್ರಿ, ಸ್ಟೇರಿಂಗ್ ಲಾಕ್ ಆಗಬಹುದು. ಪೆಡಲ್ ಪಟಪಟ ಒತ್ರಿ, ಸ್ವಲ್ಪ ಪ್ರೆಶರ್ ಸಿಗಬಹುದು, ಒಂದೊಂದ ಗೇರ್ ಇಳಸ್ರಿ, ಹಾರ್ನ್, ಪಾರ್ಕಿಂಗ್ ಲೈಟ್ (ನಾಕೂ ಇಂಡಿಕೇಟರ್) ಹಾಕ್ರಿ, ಹ್ಯಾಂಡ್ ಬ್ರೇಕ್ ಗುಂಡಿ ಒತ್ತಿ ಹಿಡಿದು ಮೆಲ್ಲಕ ಎಳೀರಿ. ಕೇಬಲಿನ ಹ್ಯಾಂಡ್ ಬ್ರೇಕಿಗೆ ಆಯಿಲಿನ ಸಂಬಂಧ ಇಲ್ಲ, ಅದು ಕೆಲಸ ಮಾಡ್ತದ, ಆದ್ರ ಜಗ್ಗಿದ್ರ ಹಿಂದಿನ ಗಾಲಿ ಲಾಕ್ ಆಗಿ ಗಾಡಿ ತಿರಗತದ.

ನಿಂತ ಮ್ಯಾಲ ಒಂದು ಮಾತು. ಅರ್ಧಾ ತಾಸು ಬಿಟ್ಟು ಒತ್ತಿ ನೋಡಿದ್ರ ಪೆಡಲ್ ಮತ್ತ ಗಟ್ಟಿ ಆಗಿರ್ತದ, ತಣ್ಣಗಾಗಿ ಗುಳ್ಳಿ ವಾಪಸ್ ಆಯಿಲ್ ಆಗಿರ್ತಾವ, ಮಂದಿ "ಆರಾಮ್ ಆತು ಬಿಡ್ರಿ" ಅಂತ ಮಕ್ಕಳನ್ನ ಕೂಡಿಸ್ಕೊಂಡು ಮತ್ತ ಘಾಟ್ ಇಳೀತಾರ. ಹಂಗ ಮಾಡಬ್ಯಾಡ್ರಿ. ಟೋ ಮಾಡಿಸಿ ಗ್ಯಾರೇಜಿಗೆ ಒಯ್ರಿ, ಮನಿಯವರನ್ನ ಬಸ್ಸಿಗೆ ಹತ್ತಸ್ರಿ.